ಸಿಂಹದ ಬಾಯಿಯ ಕೆಂಪು ಲಕೋಟೆ

ಜನವರಿ ೧೪, ಸೋಮವಾರ

ಇವತ್ತೂ ಟೇಬಲ್‌ಗಳನ್ನು ಗೋಡೆಗೆ ಸರಿಸಿದ್ದು ನಾನೊಬ್ಬಳೇ. ಲೋಕ್ ಬಂದದ್ದು ಎಲ್ಲ ಮುಗಿದ ಮೇಲೆ. ಕೈಯಲ್ಲಿ ಕರಿದ ಆಲೂಗಡ್ಡೆಯ ಪೊಟ್ಟಣ, ಮೂಗಿನ ತುದಿಗೆ ಮೇಯನೇಸ್. ಸೋಮವಾರ ನಮ್ಮ ಚೀನೀ ಹೋಟೆಲಿಗೆ ರಜೆ. ಅಪ್ಪ ಮಲಗುತ್ತಾರೆ, ಅಮ್ಮ ಹಾಂಕಾಂಗಿನ ಅಜ್ಜಿಗೆ ಫೋನ್ ಮಾಡುತ್ತಾಳೆ, ಊಟದ ಹಾಲ್ ನಮ್ಮ ಸಿಂಹ ಕುಣಿತದ ಅಭ್ಯಾಸಕ್ಕೆ ಸಿಗುತ್ತದೆ.

ಲೋಕ್ ತಲೆ. ನಾನು ಬಾಲ. ಬಾಲ ಎಂದರೆ ಬಟ್ಟೆಯೊಳಗೆ ಸೊಂಟ ಬಗ್ಗಿಸಿ, ಮುಂದಿನವನ ಬೆಲ್ಟು ಹಿಡಿದು ಕುಣಿಯುವುದು. ಕಾಣುವುದು ಅವನ ಹಿಮ್ಮಡಿ, ಕೆಂಪು ಕಾರ್ಪೆಟ್, ಅದರ ಮೇಲೆ ಯಾವ ಕಾಲದ್ದೋ ಸಾರಿನ ಕಲೆ. ಉಳಿದದ್ದೆಲ್ಲ ನಗಾರಿಯಿಂದಲೇ ತಿಳಿಯಬೇಕು. ಸಿಂಹ ಹೆದರಿತೋ, ಹಸಿಯಿತೋ, ಮಲಗಿತೋ — ಎಲ್ಲ.

"ಏನೇ ಬಾಲ, ಎರಡು ಸಲ ತುಳಿದೆ ನನ್ನ ಕಾಲು" ಎಂದ ಲೋಕ್.

"ತಲೆಗೆ ದಾರಿ ಗೊತ್ತಿದ್ರೆ ಬಾಲ ಯಾಕೆ ತುಳಿಯುತ್ತೆ?"

ಕ್ವಾನ್ ಚಿಕ್ಕಪ್ಪ ನಗಾರಿಯ ಕೋಲು ಎತ್ತಿ ಹಿಡಿದು ಇಬ್ಬರನ್ನೂ ನೋಡಿದರು. "ಸಿಂಹಕ್ಕೆ ಹಸಿವಾಗಿದೆ ಅಂತ ನಾನು ಬಾರಿಸ್ತಾ ಇದ್ದೀನಿ. ನೀವು ಬಸ್ಸು ತಪ್ಪಿಸ್ಕೊಂಡೋರ ಥರ ಓಡ್ತಾ ಇದ್ದೀರಿ. ಮತ್ತೆ ಮೊದಲಿಂದ!"

ಚಿಕ್ಕಪ್ಪ ಎನ್ನುತ್ತೇನೆ, ರಕ್ತಸಂಬಂಧ ಏನೂ ಇಲ್ಲ. ನಮ್ಮ ಅಡುಗೆಮನೆಯ ಬಾಣಸಿಗ. ಗುವಾಂಗ್‌ಡಾಂಗ್‌ನ ಹಳ್ಳಿಯವರು, ಹೋಟೆಲಿನ ಮೇಲಿನ ಕೋಣೆಯಲ್ಲಿ ವಾಸ. ಅವರ ಅಪ್ಪ ಊರಿನ ನಗಾರಿಯವರು. ವಾರವೆಲ್ಲ ಡಚ್ಚರಿಗೆ ಕೆಂಪು ಸಾಸಿನ ಹಂದಿಮಾಂಸ ಹುರಿಯುತ್ತಾರೆ, ಇರುವ ಒಂದು ರಜೆಯನ್ನು ನಮಗೆ ಕೊಡುತ್ತಾರೆ. ಪುಕ್ಕಟೆ.

ಈ ಪುಕ್ಕಟೆ ಎನ್ನುವುದೇ ನನ್ನ ನಿದ್ದೆ ಕೆಡಿಸುತ್ತಿದೆ. ಶನಿವಾರದ ಸಂತೆಯಲ್ಲಿ ಕಾರ್ಮಿಕ ಸಂಘದವರ ಮೇಜಿನಿಂದ ಹೊಸ ಕರಪತ್ರ ತಂದೆ. ಅದರ ಒಂದು ಸಾಲು: "ಕೂಲಿ ಇಲ್ಲದ ಕೆಲಸಕ್ಕೆ ಪ್ರೀತಿ ಎಂದು ಹೆಸರಿಡುವವರನ್ನು ನಂಬಬೇಡಿ." ಓದಿ ಮೈ ಬಿಸಿಯಾಯಿತು. ಪ್ರತಿ ಚೀನೀ ಹೊಸ ವರ್ಷಕ್ಕೆ ಅಂಗಡಿಗಳ ಮುಂದೆ ಕುಣಿಯುತ್ತೇವೆ. ಅಂಗಡಿಯವರು ಬಾಗಿಲಿಗೆ ಸೊಪ್ಪಿನ ಕಟ್ಟು ಕಟ್ಟುತ್ತಾರೆ, ಸೊಪ್ಪಿನೊಳಗೆ ದುಡ್ಡಿನ ಕೆಂಪು ಲಕೋಟೆ. ಸಿಂಹ ಸೊಪ್ಪು ತಿಂದು ಉಗುಳುತ್ತದೆ, ಲಕೋಟೆ ನುಂಗುತ್ತದೆ. ಆ ಲಕೋಟೆ ಎಲ್ಲಿ ಹೋಗುತ್ತದೆ? ಲೋಕ್‌ನ ತಾತ, ನಮ್ಮ ಊರಿನ ಚೀನೀ ಸಂಘದ ಅಧ್ಯಕ್ಷರು, ಚಾನ್ ದೊಡ್ಡಪ್ಪನ ತಗಡಿನ ಡಬ್ಬಿಗೆ. ಪ್ರತಿ ಸಲವೂ. ನಗಾರಿಯವರಿಗೆ ಒಂದು ಬಟ್ಟಲು ನೂಡಲ್ಸ್, ಬೆನ್ನು ತಟ್ಟುವುದು. ಮುಗಿಯಿತು.

ಶೋಷಣೆ ಮನೆಯೊಳಗೆ ಇದ್ದರೆ ಅದನ್ನು ಸಂಪ್ರದಾಯ ಎನ್ನುತ್ತಾರೆ. (ಇದು ನನ್ನದೇ ಸಾಲು. ಅಚ್ಚು ಹಾಕಬೇಕು.)

ಜನವರಿ ೨೩, ಬುಧವಾರ. ಊಟದ ಬಿಡುವು

ಸೈಕಲ್ ಸ್ಟ್ಯಾಂಡಿನ ಹತ್ತಿರ ಕೂತು ಬರೆಯುತ್ತಿದ್ದೇನೆ. ಒಳಗೆ ತಡೆಯಲಾಗುತ್ತಿಲ್ಲ.

ನಮ್ಮ ತರಗತಿಯ ಯೋರಿಸ್ ಮತ್ತೆ ಕೇಳಿದ, "ಸಾಮ್, ಇವತ್ತು ಊಟದ ಡಬ್ಬಿಯಲ್ಲಿ ನಾಯಿಯಾ?"

"ಇಲ್ಲ ಕಣೋ, ನಿಮ್ಮನೇದು ಕೈಗೆ ಸಿಗ್ಲಿಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಶೌಚಾಲಯಕ್ಕೆ ಹೋಗಿ ಗೋಡೆಗೆ ಗುದ್ದಿದೆ. ಕೈ ಊದಿದೆ. ಅಚ್ಚಿನ ಚಿತ್ರಕ್ಕೆ ಮರ ಕೊರೆಯುವ ಕೈಯೇ.

ಸಮಾಜ ಪಾಠದ ವಿಲ್ಡೆಬೂರ್ ಮೇಡಂ ಹೊಸ ಪ್ರಾಜೆಕ್ಟ್ ಕೊಟ್ಟಿದ್ದಾರೆ. "ನನ್ನ ಬೇರುಗಳು." ನನ್ನತ್ತ ತಿರುಗಿ, ಒಳ್ಳೆಯ ಮನಸ್ಸಿನಿಂದಲೇ, "ನೀನು ಡಂಪ್ಲಿಂಗ್ ಮಾಡಿ ತರ್ತೀಯಲ್ಲ?" ಎಂದರು. ತರುವುದಿಲ್ಲ. ನನ್ನ ಬೇರು ತಟ್ಟೆಯಲ್ಲಿಲ್ಲ. ಮುತ್ತಜ್ಜ ಹಡಗಿನ ಒಲೆಗೆ ಕಲ್ಲಿದ್ದಲು ಸುರಿಯುತ್ತಿದ್ದ. ಹಡಗಿನವರು ಬೇಡವೆಂದಾಗ ರೋಟರ್‌ಡ್ಯಾಮ್‌ನ ಬೀದಿಯಲ್ಲಿ ಕೊರಳಿಗೆ ಪೆಟ್ಟಿಗೆ ನೇತುಹಾಕಿಕೊಂಡು ಕಡಲೆ ಚಿಕ್ಕಿ ಮಾರಿದ. ತಾತ ಪಾತ್ರೆ ತೊಳೆದ. ಅಪ್ಪ ಹುರಿಯುತ್ತಾರೆ. ನಮ್ಮ ಬೇರು ದುಡಿಮೆ. ಅದನ್ನೇ ಹೇಳುತ್ತೇನೆ. ಜೊತೆಗೆ ನನ್ನ ಮರದಚ್ಚಿನ ಚಿತ್ರ — ನಗಾರಿ ಕೋಲು ಹಿಡಿದ ಒಂದು ಕೈ. ಬೆರಳಿನ ಗಂಟುಗಳನ್ನು ಇನ್ನೂ ಕೊರೆಯಬೇಕು.

ಅಪ್ಪನಿಗೆ ಬೆಳಿಗ್ಗೆ ಇದನ್ನೆಲ್ಲ ವಿವರಿಸಿದೆ. "ದುಡಿಮೆ ಬಗ್ಗೆ ಭಾಷಣ ಆಮೇಲೆ ಮಾಡು. ನಿನ್ನೆ ನೀನು ತೊಳೀಬೇಕಾಗಿದ್ದ ಲೋಟ ಹಾಗೇ ಇದೆ" ಎಂದರು.

ಜನವರಿ ೩೦, ಬುಧವಾರ

ಸಂಜೆ ಚಿಕ್ಕಪ್ಪನ ಜೊತೆ ಕೂತು ರೋಲ್‌ಗಳಿಗೆ ಹೂರಣ ತುಂಬಿದೆ. ಅವರು ಹತ್ತು ಸುತ್ತುವಷ್ಟರಲ್ಲಿ ನನ್ನದು ಒಂದು, ಅದೂ ಹೊಟ್ಟೆ ಒಡೆದದ್ದು.

"ರಾಶಿ ಪಾತ್ರೆ ಬಿದ್ದಿದೆ, ನೀವು ಒಲೆ ಮುಂದೆ ಸುಮ್ಮನೆ ನಿಂತಿದ್ರಿ. ಯಾಕೆ?" ಎಂದು ಕೇಳಿದೆ. ಸುಮ್ಮನೆ ತಮಾಷೆಗೆ.

"ತೊಳೀಬಾರದು ನಾನು."

"ಯಾಕೆ, ಕೈ ನೋಯುತ್ತಾ?"

"ನನ್ನ ಕೆಲಸದ ಪರ್ಮಿಟ್‌ನಲ್ಲಿ ಬಾಣಸಿಗ ಅಂತಿದೆ. ಬಾಣಸಿಗ ಅಡುಗೆ ಮಾಡ್ಬೇಕು. ಪಾತ್ರೆ ತೊಳೆದ್ರೆ ಪಾತ್ರೆ ತೊಳೆಯೋನು ಆಗ್ಬಿಡ್ತೀನಿ. ಅದಕ್ಕೆ ಬೇರೆ ಪರ್ಮಿಟ್." ಅವರು ಜೋರಾಗಿ ನಕ್ಕರು. "ನಿಮ್ಮಪ್ಪನ ಅಡುಗೆಮನೆ ಬಿಟ್ಟು ಬೇರೆಯವರ ಅಡುಗೆಮನೇಲಿ ಒಂದು ಮೊಟ್ಟೆ ಹುರಿದ್ರೂ ತಪ್ಪು."

ನನಗೆ ನಗು ಬರಲಿಲ್ಲ. ಇದು ಜೀತವಲ್ಲದೆ ಇನ್ನೇನು? ಹೇಳಿದೆ. ಅವರು ಹಿಟ್ಟು ಮೆತ್ತಿದ ಬೆರಳಿಂದ ನನ್ನ ತಲೆಗೆ ಮೊಟಕಿದರು.

"ಸೆಪ್ಟೆಂಬರಿಗೆ ಐದು ವರ್ಷ ತುಂಬುತ್ತೆ. ಆಮೇಲೆ ಎಲ್ಲಿ ಬೇಕಾದ್ರೂ ಕೆಲಸ ಮಾಡ್ಬಹುದು, ಏನು ಬೇಕಾದ್ರೂ. ಸಾವ್ ಹಾನೂ ಕರೆಸ್ಕೋಬಹುದು."

ಸಾವ್ ಹಾ ಅವರ ಹೆಂಡತಿ. ಮದುವೆಯಾಗಿ ಒಂದು ಚಳಿಗಾಲ ಒಟ್ಟಿಗೆ ಇದ್ದರಂತೆ, ಆಮೇಲೆ ಇವರು ಇಲ್ಲಿಗೆ ಬಂದರು. ಭಾನುವಾರ ಬೆಳಿಗ್ಗೆ ಫೋನಿನಲ್ಲಿ ಅವಳ ಮುಖ ನೋಡಿದ್ದೇನೆ. ಮಾತಿಗಿಂತ ಹೆಚ್ಚು ನಗುತ್ತಾಳೆ. "ಅಲ್ಲಿ ಇನ್ನೂ ಬಾರಿಸ್ತೀರಾ, ಇಲ್ಲ ಬರೀ ಹಂದಿ ಹುರೀತೀರಾ?" ಎಂದು ಕೇಳುತ್ತಿದ್ದಳು. ಚಿಕ್ಕಪ್ಪ ಏನೋ ಗೊಣಗಿದರು. ಹಳ್ಳಿಯಲ್ಲಿ ನಗಾರಿಯವನಿಗೆ ಮರ್ಯಾದೆ ಇದೆ. ಇಲ್ಲಿ ಅವರು ಯಾರೂ ಅಲ್ಲ.

ಸರಿಮಾಡುತ್ತೇನೆ. ಈ ವರ್ಷ.

ಫೆಬ್ರವರಿ ೫, ಮಂಗಳವಾರ. ನಮ್ಮ ಹೊಸ ವರ್ಷ

ಕಸ ಗುಡಿಸುವಂತಿಲ್ಲ, ತಲೆ ತೊಳೆಯುವಂತಿಲ್ಲ, ಕೆಟ್ಟ ಮಾತು ಆಡುವಂತಿಲ್ಲ. ಬೀಜಗಣಿತದ ಟೆಸ್ಟ್ ಮಾತ್ರ ಬರೆಯಬಹುದು. ಶಾಲೆಗೆ ರಜೆ ಇಲ್ಲ. ಅಮ್ಮ ಕೊಟ್ಟ ಕಿತ್ತಳೆಯನ್ನು ಟೆಸ್ಟ್ ಮಧ್ಯೆ ಸುಲಿದು ಬೈಸಿಕೊಂಡೆ.

ಅಪ್ಪ ನನಗೆ ಕೆಂಪು ಲಕೋಟೆ ಕೊಟ್ಟು, "ಈ ವರ್ಷ ಬಾಯಿ ಸ್ವಲ್ಪ ಮುಚ್ಕೊಂಡಿರು" ಎಂದು ಹರಸಿದರು. ಹರಕೆಯೋ ಬೈಗುಳವೋ.

ಶನಿವಾರ ಹೊಸ ಪೀಠೋಪಕರಣದ ಅಂಗಡಿಯ ಉದ್ಘಾಟನೆ. ಡಚ್ಚರ ಅಂಗಡಿ. ಸಿಂಹ ಬೇಕಂತೆ.

ಫೆಬ್ರವರಿ ೯, ಶನಿವಾರ

ಇದನ್ನು ನಿಂತೇ ಬರೆಯುತ್ತಿದ್ದೇನೆ. ಸಂತೋಷಕ್ಕೆ!

ಜನ ಅಂದರೆ ಜನ. ಗಾಳಿ, ಸೋನೆ ಮಳೆ, ಆದರೂ ನಿಂತಿದ್ದರು. ಚಿಕ್ಕಪ್ಪ ಬಾರಿಸಿದ್ದು ಎಂದಿನಂತಲ್ಲ. ಕಾರ್ಪೆಟ್ ಇಲ್ಲದ ಕಲ್ಲಿನ ನೆಲ, ಸದ್ದು ಪಾದದಿಂದ ಮೇಲೆ ಹತ್ತುತ್ತಿತ್ತು. ಲೋಕ್ ನನ್ನ ತೊಡೆಯ ಮೇಲೆ ನಿಂತು ಸೊಪ್ಪಿಗೆ ಬಾಯಿ ಹಾಕಿದ. ಸೊಪ್ಪು ಜನರ ಮೇಲೆ ಉಗುಳಿದ. ಮಕ್ಕಳು ಕಿರುಚಿದರು. ಲಕೋಟೆ ಸಿಂಹದ ಬಾಯೊಳಗೆ.

ಆಗ ಬಟ್ಟೆಯಿಂದ ಹೊರಗೆ ಬಂದೆ. ಬಾಲ ಹೊರಗೆ ಬರಬಾರದು, ಗೊತ್ತು. ಬಂದೆ. ಸಿಂಹದ ಬಾಯಿಗೆ ಕೈ ಹಾಕಿ ಲಕೋಟೆ ತೆಗೆದೆ. "ಏಯ್, ಏನ್ ಮಾಡ್ತಿದ್ದೀಯೇ?" ಎಂದು ತಲೆಯೊಳಗಿಂದ ಲೋಕ್ ಹಲ್ಲು ಕಚ್ಚಿ ಕೇಳಿದ. ನೇರ ನಗಾರಿಯ ಹತ್ತಿರ ಹೋಗಿ, ಎರಡೂ ಕೈಯಲ್ಲಿ, ತಲೆ ಬಾಗಿಸಿ, ಚಿಕ್ಕಪ್ಪನಿಗೆ ಕೊಟ್ಟೆ. ಜನರತ್ತ ತಿರುಗಿ ಡಚ್‌ನಲ್ಲಿ ಹೇಳಿದೆ: "ನಮ್ಮನ್ನು ಕುಣಿಸಿದ್ದು ಇವರು. ಇದು ಇವರ ಕೆಲಸ. ಕೆಲಸಕ್ಕೆ ಕೂಲಿ!"

ಚಪ್ಪಾಳೆ. ಅಂಗಡಿಯ ಯಜಮಾನನೂ ತಟ್ಟಿದ. ಚಿಕ್ಕಪ್ಪ ಕೆಂಪಗಾದರು. ಮೂರು ಸಲ ಬೇಡವೆನ್ನುವುದು ನಮ್ಮ ಪದ್ಧತಿ. ಆದರೆ ಕೊಟ್ಟವನು ಎದುರಿಗೇ ನಿಂತು ಚಪ್ಪಾಳೆ ತಟ್ಟುತ್ತಿದ್ದಾನೆ, ಊರೆಲ್ಲ ನೋಡುತ್ತಿದೆ. ಬೇಡವೆಂದರೆ ಅವನ ಮುಖಕ್ಕೆ ಹೊಡೆದಂತೆ. ಎರಡು ಕೈಯಲ್ಲಿ ತೆಗೆದುಕೊಂಡರು. ಊರಿನ ವಾರಪತ್ರಿಕೆಯವನು ಫೋಟೋ ತೆಗೆದ, ನನ್ನ ಮಾತನ್ನು ಬರೆದುಕೊಂಡ. ಅವರ ಹೆಸರಿನ ಅಕ್ಷರಗಳನ್ನು ನಾನೇ ಒಂದೊಂದಾಗಿ ಹೇಳಿದೆ.

ಚಾನ್ ದೊಡ್ಡಪ್ಪ ಜಾಗಟೆ ಹಿಡಿದು ದೂರ ನಿಂತಿದ್ದರು. ಮುಖ ಸುಣ್ಣ. ಡಬ್ಬಿ ಖಾಲಿ ಉಳಿಯಿತಲ್ಲ, ಪಾಪ!

ಫೆಬ್ರವರಿ ೧೩, ಬುಧವಾರ

ಬಂತು! ವಾರಪತ್ರಿಕೆಯ ಮೂರನೆಯ ಪುಟ, ಬಣ್ಣದಲ್ಲಿ. ಚಿಕ್ಕಪ್ಪ, ಲಕೋಟೆ, ನನ್ನ ಬಗ್ಗಿದ ತಲೆ. ಕೆಳಗೆ: "ನಗಾರಿಗಾರನಿಗೆ ಸಲ್ಲಬೇಕಾದ ಕೂಲಿ."

ಒಂದು ಕತ್ತರಿಸಿ ಹೋಟೆಲಿನ ಕೌಂಟರ್ ಪಕ್ಕ, ಅದೃಷ್ಟದ ಬೆಕ್ಕಿನ ಬೊಂಬೆಯ ಮೇಲೆ ಅಂಟಿಸಿದೆ. ಇನ್ನೊಂದನ್ನು ವಿಲ್ಡೆಬೂರ್ ಮೇಡಂ ತರಗತಿಯ ಬಾಗಿಲಿಗೆ ಹಾಕಿದರು. "ಇದೇ ನಿನ್ನ ಪ್ರಾಜೆಕ್ಟ್, ಸಾಮ್. ಇದಕ್ಕಿಂತ ಬೇರೆ ಏನು ಬೇಕು?" ಯೋರಿಸ್ ಕೂಡ ನಿಂತು ಓದಿದ. ಏನೂ ಅಣಕಿಸಲಿಲ್ಲ.

ಅಪ್ಪ ಗೋಡೆಯ ಮೇಲಿನದನ್ನು ಬಹಳ ಹೊತ್ತು ನೋಡಿದರು. ತೆಗೆಯಲಿಲ್ಲ. ಗಿರಾಕಿಗಳು ಮೆಚ್ಚಿದರು ಎಂದೋ ಏನೋ.

ಮಾರ್ಚ್ ೫, ಮಂಗಳವಾರ

ಹೇಗೆ ಬರೆಯುವುದು. ಬರೆಯುತ್ತೇನೆ.

ಶಾಲೆಯಿಂದ ಬಂದಾಗ ಹೋಟೆಲಿನಲ್ಲಿ ಇಬ್ಬರು. ಗಂಡಸು, ಹೆಂಗಸು. ಸೌಮ್ಯವಾಗಿದ್ದರು. ಅಮ್ಮ ಚಹಾ ಕೊಟ್ಟಿದ್ದಳು, ಮುಟ್ಟಿರಲಿಲ್ಲ. ಕಾರ್ಮಿಕ ಇಲಾಖೆಯ ತಪಾಸಣೆಯವರು. ವರ್ಷಕ್ಕೊಮ್ಮೆ ಬರುತ್ತಾರೆ, ಪಾಸ್‌ಪೋರ್ಟ್ ನೋಡುತ್ತಾರೆ, ಹೋಗುತ್ತಾರೆ. ಈ ಸಲ ಹೋಗಲಿಲ್ಲ. ಗಂಡಸು ಬೆಕ್ಕಿನ ಬೊಂಬೆಯ ಮೇಲಿನ ಕಾಗದದ ಮುಂದೆ ನಿಂತಿದ್ದ. ಮೊಬೈಲಿನಲ್ಲಿ ಅದರ ಫೋಟೋ ತೆಗೆದ.

"ಇವರು ನಿಮ್ಮ ಬಾಣಸಿಗರೇ ಅಲ್ಲವೇ?"

ಅಪ್ಪ ಹೌದೆಂದರು.

"ಪೀಠೋಪಕರಣದ ಅಂಗಡಿಗೂ ಕೆಲಸ ಮಾಡುತ್ತಾರೆಯೇ?"

"ಇಲ್ಲ, ಇಲ್ಲ. ಸಿಂಹ. ಹಬ್ಬ" ಎಂದರು ಅಪ್ಪ. ಅವರ ಡಚ್ ಹೆದರಿದಾಗ ಕಾಲು ಮುರಿದುಕೊಳ್ಳುತ್ತದೆ.

"ಕೂಲಿ ಎಂದು ಬರೆದಿದೆ" ಎಂದ ಆತ. ಬೈಯಲಿಲ್ಲ. ಕೇವಲ ಓದಿದ.

ನಾನು ಬಾಗಿಲಲ್ಲೇ ನಿಂತಿದ್ದೆ. ಬೆನ್ನಿನ ಮೇಲೆ ಶಾಲೆಯ ಚೀಲ. ಆ ಮಾತು ನನ್ನದು, ಇವರದ್ದಲ್ಲ, ಎಂದು ಕೂಗಬೇಕೆನಿಸಿತು. ಬಾಯಿ ಬರಲಿಲ್ಲ. ಊರೆಲ್ಲ ಕೇಳುವ ಹಾಗೆ ಕೂಗಿದ ಬಾಯಿ.

ಮಾರ್ಚ್ ೭, ಗುರುವಾರ

ಪರ್ಮಿಟ್ ರದ್ದು ಮಾಡುವ ಉದ್ದೇಶವಿದೆಯಂತೆ. ಒಪ್ಪಿಗೆಯಿಲ್ಲದ ಕಡೆ ಕೆಲಸ ಮಾಡಿ ಕೂಲಿ ಪಡೆದದ್ದು. ನಿರ್ಧಾರಕ್ಕೆ ಮುಂಚೆ ನಮ್ಮ ಮಾತು ಕೇಳುತ್ತಾರೆ. ಸೆಪ್ಟೆಂಬರ್ ಬರುವ ಮುಂಚೆಯೇ ರದ್ದಾದರೆ ಇಷ್ಟು ವರ್ಷವೂ ನೀರಲ್ಲಿ ಹೋಮ. ಸಾವ್ ಹಾ ಬರುವುದಿಲ್ಲ. ಚಿಕ್ಕಪ್ಪ ಹೋಗಬೇಕು.

ಅಪ್ಪ ನನ್ನೊಡನೆ ಮಾತಾಡುತ್ತಿಲ್ಲ. ಬೈದರೆ ಚೆನ್ನಾಗಿತ್ತು.

ಚಾನ್ ದೊಡ್ಡಪ್ಪ ಬಂದರು. ನಾನು ನೆಲ ಒರೆಸುತ್ತಿದ್ದೆ. ಕೋಟು ತೆಗೆಯದೆ ನಿಂತೇ ಕೇಳಿದರು.

"ಲಕೋಟೆ ಇಷ್ಟು ವರ್ಷ ಡಬ್ಬಿಗೇ ಯಾಕೆ ಹೋಗ್ತಿತ್ತು ಅಂತ ಯಾವತ್ತಾದ್ರೂ ಕೇಳಿದ್ದೀಯಾ?"

"ನೀವು ಇಟ್ಕೊಳ್ಳೋಕೆ ಅಂತ ಅಂದ್ಕೊಂಡಿದ್ದೆ."

"ಅಂದ್ಕೋ. ಡಬ್ಬಿಗೆ ಬಿದ್ರೆ ಅದು ಸಿಂಹದ ದುಡ್ಡು. ಯಾರ ಕೂಲಿನೂ ಅಲ್ಲ, ಯಾರೂ ಕೇಳೋ ಹಾಗಿಲ್ಲ. ಕೈಗೆ ಬಿದ್ರೆ ಕೂಲಿ. ನಮ್ಮಲ್ಲಿ ಕಾಗದ ಇರೋರು ಬಾರಿಸಿದಾರೆ, ಇಲ್ಲದೋರು ಬಾರಿಸಿದಾರೆ, ಅರ್ಧಂಬರ್ಧ ಇರೋರೂ ಬಾರಿಸಿದಾರೆ. ಹೋದ ವರ್ಷ ಕ್ವಾನ್ ಹೆಂಡತಿ ಹೊಟ್ಟೆ ಆಪರೇಷನ್‌ಗೆ ದುಡ್ಡು ಎಲ್ಲಿಂದ ಹೋಯ್ತು? ಡಬ್ಬಿಯಿಂದ."

ಒರೆಸುವ ಬಟ್ಟೆ ಕೈಯಲ್ಲೇ ಇತ್ತು. "ಇದನ್ನ ನಮಗೆ ಹೇಳ್ಬಾರದಿತ್ತಾ ದೊಡ್ಡಪ್ಪ?"

"ಹೇಳಿದ್ರೆ ನೀನು ಅದನ್ನೂ ಅಚ್ಚು ಹಾಕಿಸ್ತಿದ್ದೆ."

ಹಾಕಿಸುತ್ತಿದ್ದೆ. ನಿಜ.

ಆದರೂ... ಒಂದು ಮಾತು ಇಲ್ಲಿ ಬರೆದಿಡುತ್ತೇನೆ, ಯಾರೂ ಓದದಿರಲಿ. ಒಬ್ಬ ಮನುಷ್ಯ ನಗಾರಿ ಬಾರಿಸಿದ್ದಕ್ಕೆ ದೇಶ ಬಿಡಬೇಕು ಎನ್ನುವ ಕಾನೂನು ಕೆಟ್ಟದ್ದು. ಅದನ್ನು ಮಾಡಿದ್ದು ನಾನಲ್ಲ. ಅದರ ಬಾಯಿಗೆ ಅವರನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟವಳು ಮಾತ್ರ ನಾನು.

ಮಾರ್ಚ್ ೧೪, ಗುರುವಾರ

ವಕೀಲೆ ಹೂಕ್‌ಸ್ಟ್ರಾ ಅವರ ಆಫೀಸು. ಅಮ್ಮ, ಚಿಕ್ಕಪ್ಪ, ನಾನು. ನಾನೇ ಅನುವಾದಕಿ.

ದಾರಿ ಒಂದೇ ಇದೆ ಎಂದರು ಆಕೆ. ನಗಾರಿ ಬಾರಿಸುವುದು ಕೆಲಸ ಅಲ್ಲ, ಹವ್ಯಾಸ. ಲಕೋಟೆ ಕೂಲಿ ಅಲ್ಲ, ಶುಭಕ್ಕೆ ಕೊಡುವ ಸಂಕೇತ. ಚಿಕ್ಕಪ್ಪ ಮರುದಿನವೇ ಅದನ್ನು ಸಂಘಕ್ಕೆ ಹಿಂದಿರುಗಿಸಿದ್ದಾರೆ. (ಹಿಂದಿರುಗಿಸಿದ್ದಾರೆ! ನನಗೆ ಗೊತ್ತೇ ಇರಲಿಲ್ಲ. ಒಡೆಯದೆ ತಂದು ಡಬ್ಬಿಗೆ ಹಾಕಿದರಂತೆ.) ಕೂಲಿ ಎಂದು ಕೂಗಿದ್ದು ಹದಿನಾರರ ಹುಡುಗಿ, ಅವಳೇ ಬಂದು ಹೇಳಬೇಕು — ಉತ್ಸಾಹದಲ್ಲಿ ಬಾಯಿಗೆ ಬಂದದ್ದು ಹೇಳಿದೆ, ಅದು ಅವರ ಹವ್ಯಾಸ, ಅಷ್ಟೇ.

"ಹೇಳ್ತೀಯಲ್ಲ?" ಎಂದು ಕೇಳಿದರು ವಕೀಲೆ.

ಎಲ್ಲರೂ ನನ್ನನ್ನು ನೋಡಿದರು. ತಲೆಯಾಡಿಸಿದೆ.

ಚಿಕ್ಕಪ್ಪ ಕೇಳಿದರು, "ಏನಂದ್ರು?" ನಮ್ಮ ಭಾಷೆಯಲ್ಲಿ ಹೇಳಬೇಕಿತ್ತು: ನೀವು ಮಾಡುವುದು ಕೆಲಸವಲ್ಲ ಎಂದು ನಾನು ಹೇಳಬೇಕಂತೆ. ಹೇಳಿದೆ.

ಅವರು ತಮ್ಮ ಅಂಗೈ ನೋಡಿಕೊಂಡರು. "ಹೇಳಿಬಿಡು ಮಗಳೇ. ಒಂದು ಮಾತಿಗೆ ಏನಿದೆ?" ಎಂದರು. ಆಮೇಲೆ, "ನಮ್ಮಪ್ಪ ಕೇಳಿದ್ರೆ ಕೋಲು ತಗೊಂಡು ಹೊಡೀತಿದ್ರು" ಎಂದು ನಕ್ಕರು.

ನಿರ್ಧಾರ ಆಗುವವರೆಗೆ ನಗಾರಿ ಮುಟ್ಟಬಾರದು ಎಂದು ವಕೀಲೆಯ ಕಟ್ಟಪ್ಪಣೆ.

ಮಾರ್ಚ್ ೧೮, ಸೋಮವಾರ

ನಗಾರಿ ಇಲ್ಲದೆ ಅಭ್ಯಾಸ. ಲೋಕ್ ಮೊಬೈಲಿನಲ್ಲಿ ಯಾರದೋ ರೆಕಾರ್ಡಿಂಗ್ ಹಾಕಿದ. ಅದು ನಮಗಾಗಿ ಕಾಯುವುದಿಲ್ಲ. ನಾವು ಎಡವಿದರೂ ಓಡುತ್ತಲೇ ಇರುತ್ತದೆ. ಎರಡು ನಿಮಿಷಕ್ಕೆ ಬಟ್ಟೆ ಕೊಡವಿ ಹೊರಗೆ ಬಂದೆವು.

ಮೇಲಿನ ಕೋಣೆಯಲ್ಲಿ ಚಿಕ್ಕಪ್ಪ ಇದ್ದರು. ಹೆಜ್ಜೆ ಸದ್ದೂ ಇಲ್ಲ.

"ಕರಪತ್ರ ಓದೋದು ಬಿಡು ಇನ್ನಾದ್ರೂ" ಎಂದ ಲೋಕ್. ಸಿಂಹದ ತಲೆಯನ್ನು ಕುರ್ಚಿಯ ಮೇಲೆ ಇಟ್ಟು ಅದರ ರೆಪ್ಪೆ ಮುಚ್ಚಿದ.

"ತಪ್ಪು ಕರಪತ್ರದ್ದಲ್ಲ."

"ಮತ್ಯಾರದ್ದು? ಪೀಠೋಪಕರಣದ್ದಾ?"

ಅವನ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟು ಬರುವ ಶಕ್ತಿಯೇ ಎಲ್ಲೋ ಹೋಗಿದೆ. ಮರದಚ್ಚಿನ ಆ ಕೈ ಅರ್ಧಕ್ಕೆ ನಿಂತಿದೆ. ಉಳಿ ಹಿಡಿದರೆ ಹೆಬ್ಬೆರಳು ಕೊರೆದೀತು.

ಏಪ್ರಿಲ್ ೪, ಗುರುವಾರ

ಸೈಕಲ್ ತುಳಿಯುತ್ತಾ ಹೇಳಿಕೊಳ್ಳುತ್ತೇನೆ: ಅದು ಅವರ ಹವ್ಯಾಸ. ಕಾಲುವೆ ಪಕ್ಕದ ಬಾತುಗಳಿಗೆ ಹೇಳುತ್ತೇನೆ. ಹಲ್ಲುಜ್ಜುತ್ತಾ ಹೇಳುತ್ತೇನೆ. ಸುಳ್ಳು ಹೇಳುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಮೊನ್ನೆ ತನಕ ಅಪ್ಪನಿಗೆ ದಿನಕ್ಕೊಂದು ಹೇಳುತ್ತಿದ್ದೆ.

ನನ್ನದು ಹವ್ಯಾಸ. ಬಾಲ ಆಗುವುದು, ಮರ ಕೊರೆಯುವುದು. ಬೇಸರವಾದರೆ ಬಿಡಬಹುದು. ಚಿಕ್ಕಪ್ಪ ಬೇಸರವಾದಾಗಲೂ ಬಾರಿಸಿದ್ದಾರೆ, ಜ್ವರದಲ್ಲೂ. ಅವರ ಎಡ ಭುಜ ಬಲಕ್ಕಿಂತ ದಪ್ಪ. ಹವ್ಯಾಸಕ್ಕೆ ಭುಜ ಬೆಳೆಯುತ್ತದೆಯೇ?

ಇದೆಲ್ಲ ಬೇಡ. ಒಂದೇ ವಾಕ್ಯ. ಒಂದೇ.

ಏಪ್ರಿಲ್ ೯, ಮಂಗಳವಾರ. ವಾಪಸು ಬರುವ ರೈಲಿನಲ್ಲಿ

ಪಕ್ಕದಲ್ಲಿ ಅಮ್ಮ. ಕಣ್ಣು ಮುಚ್ಚಿದ್ದಾಳೆ, ನಿದ್ದೆಯಲ್ಲ.

ವಿಚಾರಣೆಯ ಕೋಣೆ ಚಿಕ್ಕದು. ಪ್ರಶ್ನೆ ಕೇಳಿದ ಅಧಿಕಾರಿ ಚಿಕ್ಕ ವಯಸ್ಸಿನವಳು, ಬಸುರಿ, ನೀರಿನ ಲೋಟ ನನ್ನತ್ತ ಸರಿಸಿದಳು. ಹೇಳಬೇಕಾದ್ದನ್ನು ಹೇಳಿದೆ. ಗಿಣಿಪಾಠ. "ಅದು ಅವರ ಹವ್ಯಾಸ." ಧ್ವನಿ ಕೂಡ ಅಲುಗಲಿಲ್ಲ. ವಕೀಲೆ ಮೇಜಿನ ಕೆಳಗೆ ನನ್ನ ಕೈ ಒತ್ತಿದರು. ಮುಗಿದಿತ್ತು. ಎದ್ದೇಳಬಹುದಿತ್ತು.

ಆಗ ಅವಳು ಪೆನ್ನಿನ ಮುಚ್ಚಳ ಹಾಕಿ, ಸುಮ್ಮನೆ, ಮಾತಿಗೆ ಮಾತು ಎಂಬಂತೆ ಕೇಳಿದಳು. "ಚೆನ್ನಾಗಿ ಬಾರಿಸುತ್ತಾರಾ?"

ಸುಮಾರಾಗಿ ಎಂದು ಹೇಳಬೇಕಿತ್ತು. ಗೊತ್ತಿಲ್ಲ ಎನ್ನಬೇಕಿತ್ತು.

ನನ್ನ ಬಾಯಿ ತೆರೆಯಿತು. ಚೆನ್ನಾಗಿಯಾ? ಅವರಂಥ ಕೈ ಈ ದೇಶದಲ್ಲೇ ಇಲ್ಲ ಎಂದೆ. ಅವರ ಅಪ್ಪನೂ ನಗಾರಿಯವರು ಎಂದೆ. ನಮಗೆ ಹೆಜ್ಜೆ ಕಲಿಸಿದ್ದು ಅವರು, ನಾಲ್ಕು ವರ್ಷದಿಂದ ಒಂದು ಸೋಮವಾರವೂ ತಪ್ಪಿಸಿಲ್ಲ, ಚರ್ಮ ಸಡಿಲಾದರೆ ತಾವೇ ಬಿಗಿಯುತ್ತಾರೆ, ಹೊಸ ವರ್ಷದಲ್ಲಿ ಬೆಳಗಿನಿಂದ ಸಂಜೆಯವರೆಗೆ ಅಂಗಡಿ ಅಂಗಡಿ... ಯಾವ ಯಾವ ಅಂಗಡಿ ಎಂದಳು. ಹೇಳಿದೆ! ನಗುನಗುತ್ತಾ ಹೇಳಿದೆ. ಎಷ್ಟು ದಿನದಿಂದ ಯಾರೂ ಅವರ ಬಗ್ಗೆ ಒಂದು ಒಳ್ಳೆಯ ಮಾತು ಕೇಳಿರಲಿಲ್ಲ.

ವಕೀಲೆ ನನ್ನ ಕೈ ಬಿಟ್ಟದ್ದು ಗೊತ್ತಾಯಿತು. ಪೆನ್ನಿನ ಮುಚ್ಚಳ ಮತ್ತೆ ತೆರೆದಿತ್ತು. ಅವಳು ಬರೆಯುತ್ತಿದ್ದಳು. ಅವಳ ಮುಖದಲ್ಲಿ ಗೆದ್ದ ಭಾವ ಏನೂ ಇರಲಿಲ್ಲ. ಬೇಸರವೇ ಇತ್ತು.

"ಪ್ರತಿ ಸೋಮವಾರ?" ಎಂದು ಇನ್ನೊಮ್ಮೆ ಕೇಳಿದಳು.

ಮೆಟ್ಟಿಲಿಳಿಯುವಾಗ ಅಮ್ಮ ಒಂದೇ ಮಾತು ಹೇಳಿದಳು. "ನಿನಗೆ ಪ್ರೀತಿ ಮಾಡೋದೂ ಜೋರಾಗಿಯೇ ಮಾಡಬೇಕಲ್ಲ."

ಮೇ ೧೬, ಗುರುವಾರ

ರದ್ದು.

ಮೇ ೨೧, ಮಂಗಳವಾರ

ಮೇಲ್ಮನವಿ ಹಾಕಬಹುದು. ಅದು ಮುಗಿಯುವವರೆಗೆ ಒಲೆ ಮುಟ್ಟುವಂತಿಲ್ಲ, ಗೆಲ್ಲುವ ಆಸೆಯೂ ಕಡಿಮೆ. ಹಾಕಿ, ಹಾಕಲೇಬೇಕು ಎಂದು ಹಠ ಹಿಡಿದೆ. ಹೋರಾಡದೆ ಬಿಟ್ಟರೆ ಅವರಿಗೇ ಗೆಲುವು ಎಂದೆ. ಚಿಕ್ಕಪ್ಪ ಬೇಡವೆಂದರು. ನಾನು ಮತ್ತೆ ಹೇಳಿದೆ. ಅಪ್ಪ ಇಷ್ಟು ದಿನದ ಮೇಲೆ ಮೊದಲ ಸಲ ನನ್ನತ್ತ ತಿರುಗಿದರು.

"ಯಾರ ಹೋರಾಟ ಇದು, ನಿಂದಾ ಅವರದ್ದಾ?"

ಉತ್ತರ ಗೊತ್ತಿರುವ ಪ್ರಶ್ನೆ. ಹಠ ಬಿಟ್ಟೆ.

ಟಿಕೆಟ್ಟು ಡಬ್ಬಿಯಿಂದ. ಚಾನ್ ದೊಡ್ಡಪ್ಪ ತಂದು ಮೇಜಿನ ಮೇಲೆ ಇಟ್ಟರು. ನನಗೆ ಅಣಕದ ಮಾತು ಏನೂ ಆಡಲಿಲ್ಲ. ಆಡಿದ್ದರೆ ಹಿಡಿದುಕೊಳ್ಳಲು ಏನಾದರೂ ಇರುತ್ತಿತ್ತು.

ವಿಲ್ಡೆಬೂರ್ ಮೇಡಂ ಬೇರುಗಳ ಪ್ರಾಜೆಕ್ಟಿಗೆ ಹತ್ತಕ್ಕೆ ಒಂಬತ್ತು ಅಂಕ ಕೊಟ್ಟಿದ್ದಾರೆ. ತರಗತಿಯ ಬಾಗಿಲಿನ ಮೇಲೆ ಫೋಟೋ ಇನ್ನೂ ಇದೆ. ಹರಿದು ಹಾಕಬೇಕೆಂದು ಕೈ ಎತ್ತಿದೆ. ಚಿಕ್ಕಪ್ಪನ ಮುಖ ಅದರಲ್ಲಿ ಎಷ್ಟು ಚೆನ್ನಾಗಿ ಬಂದಿದೆ. ಬಿಟ್ಟು ಬಂದೆ.

ಮೇ ೨೭, ಸೋಮವಾರ

ಇವತ್ತು ಟೇಬಲ್ ಸರಿಸಲಿಲ್ಲ. ಸಂಜೆ ವಿಮಾನ. ಅಪ್ಪ ಕಾರಿಗೆ ಪೆಟ್ರೋಲ್ ಹಾಕಿಸಲು ಹೋದರು.

ಮಧ್ಯಾಹ್ನ ಚಿಕ್ಕಪ್ಪ ಇಳಿದು ಬಂದರು. ಇಸ್ತ್ರಿ ಮಾಡಿದ ಅಂಗಿ. ಒಂದು ಕೈಯಲ್ಲಿ ಇಲಾಖೆಯ ನಿರ್ಧಾರದ ಪ್ರತಿ, ಇನ್ನೊಂದರಲ್ಲಿ ಆರ್ಡರ್ ಬರೆಯುವ ಚೀಟಿ ಪುಸ್ತಕ, ಪೆನ್ನು. ನನ್ನ ಎದುರು ಕೂತರು.

"ಇದರಲ್ಲಿ ನನ್ನ ಬಗ್ಗೆ ಏನೋ ಒಳ್ಳೇದು ಬರ್ದಿದಾರಂತೆ. ವಕೀಲರು ಅಂದ್ರು. ಓದು. ನಾನು ನಮ್ಮ ಅಕ್ಷರದಲ್ಲಿ ಬರ್ಕೋತೀನಿ. ಸಾವ್ ಹಾ ನೋಡ್ಬೇಕು ಇದನ್ನ."

"ಚಿಕ್ಕಪ್ಪ, ಬೇಡ..."

"ಓದೇ. ನಾನು ಅಲ್ಲಿ ಹೋಗಿ ಏನಂತ ಹೇಳ್ಲಿ? ಹಂದಿ ಹುರಿದು ಬಂದೆ ಅಂತಲಾ?"

ಹುಡುಕಿದೆ. ಸಿಕ್ಕಿತು. ಎರಡು ಸಲ ಮನಸ್ಸಿನಲ್ಲಿ ಓದಿಕೊಂಡೆ. ನಮ್ಮ ಭಾಷೆಗೆ ತಂದು ನಿಧಾನವಾಗಿ ಹೇಳತೊಡಗಿದೆ.

"ಈ ವ್ಯಕ್ತಿ ನಗಾರಿ ವಾದನದಲ್ಲಿ ನುರಿತವರು."

"ನುರಿತವರು... ಗುರು ಅಂತ ಬರೀಲಾ?"

"ಬರೀರಿ."

ಬರೆದರು. ಚೀಟಿಯ ಮೇಲ್ಭಾಗದಲ್ಲಿ ಹೋಟೆಲಿನ ಹೆಸರು, ಅದರ ಕೆಳಗೆ ಅವರ ಸಣ್ಣ, ನೆಟ್ಟನೆಯ ಅಕ್ಷರಗಳು.

"ಹಲವು ವರ್ಷಗಳಿಂದ, ಪ್ರತಿ ವಾರ ತಪ್ಪದೆ, ಎಳೆಯರಿಗೆ ತರಬೇತಿ ಕೊಟ್ಟಿದ್ದಾರೆ. ಊರಿನವರು ಅವರ ವಾದನಕ್ಕೆ ಬೆಲೆ ಕೊಡುತ್ತಾರೆ."

"ಬೆಲೆ ಕೊಡ್ತಾರೆ" ಎಂದು ತಾವೇ ಹೇಳಿಕೊಂಡರು. "ಸರ್ಕಾರದವರೇ ಬರ್ದಿದಾರೆ! ನಮ್ಮಪ್ಪನಿಗೆ ಯಾವ ಸರ್ಕಾರಾನೂ ಹೀಗೆ ಬರ್ದು ಕೊಡ್ಲಿಲ್ಲ ಮಗಳೇ."

ಮುಂದಿನ ಸಾಲು ನನ್ನ ಕಣ್ಣಿನ ಮುಂದೆಯೇ ಇತ್ತು. ಆದ್ದರಿಂದ ಇದನ್ನು ಹವ್ಯಾಸವೆಂದು ಪರಿಗಣಿಸಲಾಗದು, ಇದು ಕೆಲಸವೇ. ಫೆಬ್ರವರಿಯಲ್ಲಿ ಆ ಅಂಗಡಿಯ ಮುಂದೆ ನಾನು ಕೂಗಿದ ಮಾತು. ಅದೇ. ಆ ಅಧಿಕಾರಿಯೊಬ್ಬಳು ನಂಬಿದ್ದಳು ನನ್ನನ್ನು.

"ಅಷ್ಟೇ" ಎಂದೆ.

ಅವರು ಕಾಗದದತ್ತ ಬಗ್ಗಿದರು. ಡಚ್ ಓದಲು ಬಾರದು. ಚುಕ್ಕಿ ಎಲ್ಲಿದೆಯೆಂದು ಕಾಣುತ್ತದೆ.

"ಇನ್ನೂ ಇದೆಯಲ್ಲ. ಪ್ಯಾರಾ ಮುಗಿದಿಲ್ಲ. ಓದು."

ಹೊರಗೆ ಅಪ್ಪನ ಕಾರು ನಿಂತ ಸದ್ದು. ಚಿಕ್ಕಪ್ಪ ಪೆನ್ನು ಎತ್ತಿ ಹಿಡಿದು ಕಾಯುತ್ತಿದ್ದರು. ಅವರ ಮುಖದಲ್ಲಿ ಇನ್ನೂ ಆ ನಗು.

"ಆದ್ದರಿಂದ..." ಎಂದೆ.

"ಆದ್ದರಿಂದ" ಎಂದು ಬರೆದುಕೊಂಡರು.

ಆಮೇಲೆ ನಾನು ಇದ್ದದ್ದನ್ನು ಇದ್ದ ಹಾಗೇ ಓದಿದೆ, ಇದು ಹವ್ಯಾಸವಲ್ಲ, ಕೆಲಸವೇ ಎಂದು; ಅವರು ಅದನ್ನೂ ಬರೆದುಕೊಂಡರು.